ಸೊಂಟದ ಡಬ್ಬಿಯ ಹಸಿರು ದೀಪ

...ಇಲ್ಲ ತಂಗಿ, ತಪ್ಪು ತಿಳ್ಕೋಬೇಡ. ಕದ್ದು ಕೇಳೋ ಬುದ್ಧಿ ನನ್ನದಲ್ಲ. ಸೌಂಡು ನೋಡ್ಕೊಳ್ಳೋಳು ನೀನು, ಬೆಳಗ್ಗಿಂದ ರೆಕಾರ್ಡ್ ಆಗಿದ್ದೆಲ್ಲ ನಿನ್ನ ಹತ್ರ ಇರುತ್ತೆ. ಅದರಲ್ಲಿ ನಮ್ಮನೆಯೋಳು ಹಿತ್ತಲಲ್ಲಿ ಫೋನಲ್ಲಿ ಮಾತಾಡಿದ್ದಿದೆಯಲ್ಲ, ಅಷ್ಟೇ, ಅಷ್ಟು ಕೇಳಿಸಿಬಿಡು. ನಿಮ್ಮ ಡೈರೆಕ್ಟರಮ್ಮ ಅವಳನ್ನ ಒಳಗೆ ಕೂರಿಸ್ಕೊಂಡಿದ್ದಾರೆ, ಅವರು ಬರೋದ್ರೊಳಗೆ ಮುಗಿಸೋಣ.

ಯಾಕೆ ಹಾಗೆ ನೋಡ್ತೀಯಾ? ನಾನು ಅನುಮಾನದ ಮನುಷ್ಯ ಅಲ್ಲಮ್ಮ. ಈಗ ತಾನೇ ಕ್ಯಾಮೆರಾ ಮುಂದೆ ಹೇಳಲಿಲ್ವಾ, ನಮ್ಮಿಬ್ಬರಲ್ಲಿ ಮುಚ್ಚುಮರೆ ಅನ್ನೋದೇ ಇಲ್ಲ ಅಂತ? ನಮ್ಮ ಬಗ್ಗೆ ನೀವು ಮಾಡ್ತಿರೋ ಸಿನಿಮಾ ನಿಂತಿರೋದೇ ಅದರ ಮೇಲೆ. ಎರಡು ಕಡೆ ಜನಾನೂ ಎದುರು ಹಾಕ್ಕೊಂಡು ಮದುವೆಯಾದೋರು, ಅಂಗಡಿ ಮೇಲೆ ಕಲ್ಲು ಬಿದ್ದರೂ ಮಷೀನು ನಿಲ್ಲಿಸದೆ ಬಟ್ಟೆ ಹೊಲಿದೋರು... ಅದೆಲ್ಲ ನಿಜ. ಆ ದಿನ ನನ್ನ ಅಂಗೈಗೆ ಹೊಕ್ಕಿದ್ದ ಗಾಜಿನ ಚೂರು ತೆಗೆದೋಳು ಅವಳೇ. ಇವತ್ತು ಬೆಳಗ್ಗೆ ನೋಡಿದೆಯಲ್ಲ, ಡೈರೆಕ್ಟರಮ್ಮನ ಹೆಡ್‌ಫೋನ್ ಹಾಕ್ಕೊಂಡು, ನಾನು ಹೊರಗೆ ಆಡಿದ್ದು ಒಳಗೆ ಆಡಿದ ಹಾಗೇ ಕೇಳಿಸುತ್ತೆ ಅಂತ ಮಗು ಥರ ನಕ್ಕಳು.

ಆದರೆ ಈಚೆಗೆ... ಹೇಗೆ ಹೇಳಲಿ. ಫೋನ್ ಬಂದರೆ ಕತ್ತರಿ ಅಲ್ಲೇ ಇಟ್ಟು ಹಿತ್ತಲಿಗೆ ಹೋಗ್ತಾಳೆ. ಯಾರದು ಅಂದ್ರೆ ಗಿರಾಕಿ ಅಂತಾಳೆ. ಕಣ್ಣೊರೆಸಿಕೊಂಡು ಒಳಗೆ ಬರೋವಷ್ಟು ಮಾತು ಯಾವ ಗಿರಾಕಿ ಹತ್ರ ಇರುತ್ತೆ? ಅವಳ ಅಮ್ಮ ಇರಬೇಕು. ಇಲ್ಲಾ ಅಣ್ಣ. ಅವನನ್ನ ಬಿಟ್ಟು ಬಾ ಅಂತ ತಲೆ ಕೆಡಿಸ್ತಿದ್ದಾರೆ. ಅವಳು ಹೋದರೆ ನನಗೆ ಯಾರಿದ್ದಾರೆ ಹೇಳು? ನಮ್ಮಪ್ಪನ ಮನೆ ಬಾಗಿಲು ಅವತ್ತೇ ಮುಚ್ಚಿತು.

ನಗ್ತೀಯಾ? ನಗು, ನಗು. ನಿನಗಿನ್ನೂ ಮದುವೆ ಆಗಿಲ್ಲ.

ಏನು, ಇಲ್ಲ ಅಂತ ತಲೆ ಆಡಿಸ್ತೀಯಾ? ರೆಕಾರ್ಡೇ ಇಲ್ವಾ? ಓಹೋ... ಮನೆಯೋರ ಮಾತು ಅಂತ ನೀನೇ ನಿಲ್ಲಿಸಿದೆಯಾ? ಸುಳ್ಳು ಹೇಳಬೇಡ. ಅವಳ ಸೊಂಟದ ಮೈಕಿನ ಡಬ್ಬೀಲಿ ಹಸಿರು ದೀಪ ಉರೀತಿತ್ತು, ಬಾಗಿಲು ದಾಟೋವರೆಗೂ ನೋಡ್ತಾನೇ ಇದ್ದೆ. ಫೋನ್ ಬಂದ ತಕ್ಷಣ ಅವಳೇನೋ ಮೈಕ್ ಆರಿಸಿಕೊಂಡೇ ಎದ್ದಳು. ಆದರೆ ಹೋಗುವಾಗ ಉರೀತಿತ್ತು.

ಮತ್ತೆ ಹತ್ತಿಸಿದ್ದು ಯಾರು ಅಂತೀಯಾ?

ತಾನಾಗೇ ಹತ್ತಿಕೊಂಡಿರಬಹುದಪ್ಪ. ಸ್ವಿಚ್ಚು ಸಡಿಲ ಇರಬಹುದು... ಇರಲ್ವಾ?

ಹಾಂ, ಅವಳು ಏಳುವಾಗ ನಾನು ಹಿಂದಿಂದ ಹೋಗಿ ವೈರ್ ಸರಿಮಾಡಿದೆ. ಹೌದು. ಡೈರೆಕ್ಟರಮ್ಮ ಆ ಶಾಟ್ ನೋಡಿ ಕಣ್ತುಂಬಿಕೊಂಡರು. ಎಂಥಾ ಅಕ್ಕರೆ, ಇದೇ ಪೋಸ್ಟರ್‌ಗೆ ಬೇಕು ಅಂದರು. ಹೆಂಡತಿ ಸೊಂಟದ ವೈರ್ ಗಂಡ ಮುಟ್ಟಬಾರದಾ? ಬೆರಳು ತಗುಲಿತು ಅಂತಲೇ ಇಟ್ಕೋ... ಹಾಗೆ ದಿಟ್ಟಿಸಬೇಡ ಮಾರಾಯ್ತಿ.

ಸರಿ. ಸರಿ ಕಣಮ್ಮ, ಸ್ವಿಚ್ಚು ನಾನೇ ಹಾಕಿದ್ದು. ಆಯ್ತಾ? ನಿನಗೊಬ್ಬಳಿಗೆ ಗೊತ್ತಿರಲಿ. ಅವಳಿಗೆ ಗೊತ್ತಾದರೆ ಸತ್ತೇ ಹೋಗ್ತೀನಿ.

ಏನು? ನನ್ನ ಸೊಂಟ ಯಾಕೆ ತೋರಿಸ್ತೀಯಾ?

ಓ... ನನ್ನ ಮೈಕಿನ ದೀಪಾನೂ ಉರೀತಿದೆ. ಇರಲಿ ಬಿಡು, ಕೇಳೋಕೆ ನೀನು ಇಲ್ಲೇ ಇದ್ದೀಯಲ್ಲ... ಡೈರೆಕ್ಟರಮ್ಮ ಯಾಕೆ ಅಂಗಳದಲ್ಲಿ ನಿಂತಿದ್ದಾರೆ? ಒಳಗೆ ಅವಳೊಬ್ಬಳೇ ಇದ್ದಾಳಾ? ಅವರ ಹೆಡ್‌ಫೋನ್ ಎಲ್ಲಿ?

ತಂಗಿ, ಬಾಗಿಲ ಸಂದೀಲಿ ಅವಳು ನನ್ನನ್ನೇ ನೋಡ್ತಿದ್ದಾಳೆ. ಕಿವಿ ಮೇಲಿನ ಹೆಡ್‌ಫೋನನ್ನ ಕೈಯಲ್ಲಿ ಒತ್ತಿ ಹಿಡ್ಕೊಂಡಿದ್ದಾಳೆ.

ಬೇಡ ತಂಗಿ, ನನ್ನ ಡಬ್ಬಿಯಿಂದ ಕೈ ತೆಗಿ. ಈಗ ಆರಿಸಿ ಏನು ಬಂತು.