ರೇಸಿಗೆ ಮುಂಚಿನ ವಾರ

ಈಜುಕೊಳದ ಆಯಾ ಬಾಗಿಲ ಬಳಿ ಕೂತು ಟವೆಲ್ ಮಡಚುತ್ತಿದ್ದಳು. ಎರಡೇ ಹೆಜ್ಜೆ ಆಚೆಗೆ ಕೋಚ್ ಮೇಡಂ, ಐವತ್ತು ಮೀಟರ್ ರೇಸಿನಲ್ಲಿ ಆಗತಾನೇ ಕೊನೆಯವಳಾಗಿ ಬಂದ ಹುಡುಗಿಯ ಅಪ್ಪನ ಮೇಲೆ ಹರಿಹಾಯ್ದರು.

"ಈ ವಾರ ಅವಳಿಗೆ ಪೂರ್ತಿ ರೆಸ್ಟ್ ಅಂದಿದ್ನೋ ಇಲ್ವೋ?"

"ಅಂದಿದ್ರಿ. ರೇಸ್ ಹತ್ರ ಬಂದಾಗ ಕೈಕಟ್ಟಿ ಕೂತ್ರೆ ಆಗುತ್ತಾ ಮೇಡಂ? ಬೆಳಿಗ್ಗೆ ಬೆಳಿಗ್ಗೆ ನಾನೇ ಕರ್ಕೊಂಡು ಬಂದು ಈಜಿಸಿದೆ."

"ಎಷ್ಟು?"

"ಆ ಕಡೆಯಿಂದ ಈ ಕಡೆಗೆ, ದಿನಾ ನಲವತ್ತು ಸಲ."

"ರೇಸ್ ಇರೋದು ಒಂದೇ ಸಲ ರೀ, ಅರ್ಧ ನಿಮಿಷ! ಅದಕ್ಕೇಂತ ಆರು ತಿಂಗಳು ಆ ತೋಳುಗಳನ್ನ ತಯಾರು ಮಾಡಿದ್ದೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ತೋಳು ನೋಯ್ತಿದೆ ಅಂತ ಅವಳು ಹೇಳ್ಲಿಲ್ವಾ?"

"ಹೇಳಿದ್ಲು. ಸೋಮಾರಿತನಕ್ಕೆ ನೆಪ ಅಂದ್ಕೊಂಡೆ."

"ನೆಪಾನಾ? ಅಷ್ಟು ಬೆಳಿಗ್ಗೆ ಇಲ್ಲಿ ಬಾಗಿಲು ಯಾರು ತೆಗೆದ್ರು ನಿಮಗೆ?"

ಆಯಾಳ ಕೈ ನಿಂತಿತು. ಅಪ್ಪ ಅವಳ ಕಡೆ ನೋಡಲಿಲ್ಲ.

"ತೆರೆದೇ ಇತ್ತು."

"ತೆರೆದಿತ್ತಂತೆ! ನಡೀರಿ, ಅದನ್ನ ಮಗಳ ಮುಂದೆ ನಿಂತು ಹೇಳಿ."

ಇಬ್ಬರೂ ಒಳಗೆ ಹೋದರು. ಎಂಥ ಶ್ರದ್ಧೆಯ ಅಪ್ಪ ಎಂದು ಮೆಚ್ಚಿ, ಐದು ದಿನವೂ ಒಂದು ಗಂಟೆ ಮೊದಲೇ ಬಂದು ಬಾಗಿಲು ತೆಗೆದಿದ್ದವಳು, ಬೀಗದ ಕೈಯನ್ನು ಮೆಲ್ಲಗೆ ಟವೆಲಿನ ಕೆಳಗೆ ಸರಿಸಿದಳು.