ಹಲ್ಲು ಕಚ್ಚಿದರೆ ಬರುವ ನಗು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಆಸ್ಪತ್ರೆಯ ಹಿರಿಯರೇ, ಇಂದು ನಿವೃತ್ತರಾಗಿ ನಮ್ಮೆಲ್ಲರ ಸನ್ಮಾನ ಸ್ವೀಕರಿಸುತ್ತಿರುವ ಡಾಕ್ಟರಮ್ಮನವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಮನೆಯವಳೇ, ಮತ್ತು ಊಟದ ಹೊತ್ತಾದರೂ ಎದ್ದು ಹೋಗದ ಸಭಿಕರೇ,

ನಾನು ದರ್ಜಿ. ಅಳತೆ ತೆಗೆಯುವುದು ಗೊತ್ತು, ಭಾಷಣ ಗೊತ್ತಿಲ್ಲ. ಗುಣವಾದವರ ಕಡೆಯಿಂದ ಯಾರಾದರೂ ಎರಡು ಮಾತಾಡಬೇಕು ಎಂದು ಮೊದಲು ಇವಳನ್ನೇ ಕೇಳಿದರು. ಇವಳು, "ಅವರೇ ಮಾತಾಡ್ಲಿ ಬಿಡಿ" ಅಂದಳು. ಮದುವೆಯಾದಾಗಿನಿಂದ ನನ್ನ ಮಾತನ್ನೂ ಸೇರಿಸಿ ಅವಳೇ ಆಡಿದ್ದು. ಹಾಗಾಗಿ ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮವಳಿಗೆ ಎಡಗಿವಿಯ ಮುಂದೆ ಗಡ್ಡೆಯಾಯಿತು. ಅದು ಮುಖದ ನರವನ್ನೇ ಸುತ್ತಿಕೊಂಡಿತ್ತು. ಗಡ್ಡೆ ತೆಗೆಯಬೇಕಾದರೆ ನರವನ್ನೂ ಕತ್ತರಿಸಬೇಕು, ಬೇರೆ ದಾರಿಯಿರಲಿಲ್ಲ. ಜೀವ ಉಳಿಯಿತು, ಎಡಗೆನ್ನೆ ಜೋತುಬಿತ್ತು. ಆ ಕಡೆಯ ಕಣ್ಣು ಮುಚ್ಚುತ್ತಿರಲಿಲ್ಲ. ನೀರು ಕುಡಿದರೆ ತುಟಿಯಂಚಿನಿಂದ ಸೋರುತ್ತಿತ್ತು. ನಕ್ಕರೆ ಬಲಗಡೆ ಮಾತ್ರ ಮೇಲೇಳುತ್ತಿತ್ತು.

ಆಗ ಗಂಡನಾದವನು ಏನು ಮಾಡಬೇಕು? ಕೈಕಟ್ಟಿ ಕೂರಬೇಕೇ? ನಾನು ಹೊಲಿದೆ. ಅವಳ ಒಂದೊಂದು ಉಡುಪಿಗೂ ಹೊಂದುವ ಸ್ಕಾರ್ಫ್ ಹೊಲಿದೆ. ಎಡಗೆನ್ನೆಯ ಮೇಲೆ ಸರಿಯಾಗಿ ನಿಲ್ಲಲೆಂದು ಒಳಗೆ ಗಟ್ಟಿ ಪಟ್ಟಿ ಕೊಟ್ಟೆ, ಗಾಳಿಗೆ ಜಾರದಿರಲೆಂದು ಕಿವಿಯ ಹಿಂದೆ ಗುಂಡಿ ಇಟ್ಟೆ. ಅಷ್ಟು ನಾಜೂಕಿನ ಕೆಲಸ ನನ್ನ ಕೈಯಿಂದ ಮತ್ತೆ ಆಗಿಲ್ಲ. ಅಂಗಡಿಯಲ್ಲಿ ಗಿರಾಕಿಗಳೆದುರು ಮುಜುಗರವಾಗದಿರಲೆಂದು ಅವಳಿಗೆ ಒಳಕೋಣೆಯಲ್ಲಿ ಗುಂಡಿ ತೂರಿಸುವ ಕಾಜಾ ಹಾಕುವ ಕೆಲಸ ಕೊಟ್ಟೆ. ಮಗಳ ಮದುವೆಯಲ್ಲಿ ಎಡಗಡೆ ಗೋಡೆಗೆ ಬರುವ ಹಾಗೆ ಕುರ್ಚಿ ಹಾಕಿ ಕೂರಿಸಿದೆ. ಅವತ್ತು ಮಗಳು ಏನೋ ತಮಾಷೆ ಮಾಡಿದಳು, ಇವಳು ನಗಲು ಹೋದಳು. ನಾನು ಮೆಲ್ಲಗೆ, "ನಗಬೇಡ ಕಣೇ, ಬಾಯಿ ಸೊಟ್ಟ ಕಾಣುತ್ತೆ" ಅಂದೆ. ಅವಳ ಒಳ್ಳೆಯದಕ್ಕೇ ಹೇಳಿದ್ದು. ನಾಲ್ಕು ಜನ ನೋಡುತ್ತಿದ್ದರಲ್ಲ! ಅಂದಿನಿಂದ ಬಲಗಡೆಯ ನಗುವನ್ನೂ ಅವಳು ನಿಲ್ಲಿಸಿಬಿಟ್ಟಳು.

ಆಮೇಲೆ ಈ ಆಸ್ಪತ್ರೆಗೆ ಬಂದೆವು. ಡಾಕ್ಟರಮ್ಮ ಮೊದಲ ದಿನ ಮಾಡಿದ್ದೇ ಸ್ಕಾರ್ಫಿನ ಆ ಗುಂಡಿ ಬಿಚ್ಚಿದ್ದು. ಸ್ಟೂಲು ಹತ್ತಿರ ಎಳೆದುಕೊಂಡು, ದೀಪ ತಿರುಗಿಸಿ, ಇವಳ ಮುಖವನ್ನೇ ನೋಡುತ್ತ ಕುಳಿತರು. ಎಷ್ಟು ಹೊತ್ತು ಅಂತೀರಿ! ನನಗೇ ಒಂದು ಥರ ಆಗಿ ಕಿಟಕಿಯ ಕಡೆ ತಿರುಗಿಕೊಂಡೆ. "ಹುಬ್ಬು ಏರಿಸಮ್ಮಾ. ಕಣ್ಣು ಮುಚ್ಚು. ಈಗ ಹಲ್ಲು ಕಚ್ಚು" ಎಂದು ದವಡೆಯ ಮೇಲೆ ಬೆರಳಿಟ್ಟರು. "ಇಲ್ಲಿ ಶಕ್ತಿ ಚೆನ್ನಾಗಿದೆ, ಇದನ್ನೇ ಬಳಸ್ಕೊಳ್ಳೋಣ" ಅಂದರು.

ಅಗಿಯುವ ಸ್ನಾಯುವಿಗೆ ಹೋಗುವ ನರದ ಒಂದು ಕವಲನ್ನು ತಿರುಗಿಸಿ, ನಗುವಿನ ನರದ ತುದಿಗೆ ಹೊಲಿದರು. ಕಣ್ಣಿನ ಕಡೆಗೆ ಉದ್ದ ಸಾಲಲಿಲ್ಲ, ಕಾಲಿನಿಂದ ಒಂದು ತುಂಡು ನರ ತೆಗೆದು ನಡುವೆ ಕೂಡಿಸಿದರು. ನಾವೂ ಅಷ್ಟೇ ಸ್ವಾಮಿ, ತೋಳಿಗೆ ಬಟ್ಟೆ ಸಾಲದಿದ್ದರೆ ಒಳಮಡಿಕೆಯಿಂದ ಕತ್ತರಿಸುತ್ತೇವೆ. ಆದರೆ ಅವರ ದಾರ ಕೂದಲಿಗಿಂತ ಸಣ್ಣದು, ಮೈಕ್ರೋಸ್ಕೋಪಿನಲ್ಲಿ ನೋಡಿ ಹೊಲಿಯಬೇಕು. ಆಮೇಲೊಮ್ಮೆ ನನಗೆ ಅದನ್ನು ತೋರಿಸಿದರು. ಏನೂ ಕಾಣಲಿಲ್ಲ, ಕಂಡಿತು ಎಂದು ತಲೆಯಾಡಿಸಿದೆ.

ಹೊಲಿದ ಮಾತ್ರಕ್ಕೆ ನಗು ಬರುವುದಿಲ್ಲ. ನರ ಬಲು ನಿಧಾನವಾಗಿ ಬೆಳೆದು ಕೆನ್ನೆ ಮುಟ್ಟಬೇಕು. ತಿಂಗಳುಗಟ್ಟಲೆ ಕಾದೆವು. ಒಂದು ಬೆಳಿಗ್ಗೆ ಬ್ರೆಡ್ ಅಗಿಯುತ್ತಿದ್ದಾಗ ಎಡಗೆನ್ನೆ ಮಿಸುಕಿತು. "ಅಯ್ಯೋ, ಅಲ್ಲಾಡ್ತು!" ಎಂದು ಎದ್ದವಳು ನೇರ ಪಕ್ಕದ ಮನೆಗೆ ಓಡಿದಳು, ಅವರಿಗೆ ತೋರಿಸಲು. ನಾನು ಮೇಜಿನ ಎದುರಿಗೇ ಕುಳಿತಿದ್ದೆ.

ಈಗ ದವಡೆ ಕಚ್ಚಿದರೆ ಅವಳ ಎಡಗೆನ್ನೆ ಮೇಲೇಳುತ್ತದೆ. ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡಿ ಅದನ್ನು ಬಲಗಡೆಗೆ ಸರಿಹೊಂದಿಸಿದ್ದಾಳೆ. ನಮ್ಮ ನಿಮ್ಮ ನಗು ಹೇಗೆ ಹೇಳಿ? ಬೇಡವೆಂದರೂ ಬಂದುಬಿಡುತ್ತದೆ. ಅವಳದು ಹಾಗಲ್ಲ. ಇವರೆದುರು ನಗಬೇಕು ಎಂದು ಮನಸ್ಸು ಮಾಡಿ, ಹಲ್ಲು ಕಚ್ಚಬೇಕು. ತರಕಾರಿಯವನಿಗೆ ಕಚ್ಚುತ್ತಾಳೆ. ಅಂಚೆಯವನಿಗೆ ಕಚ್ಚುತ್ತಾಳೆ. ಎದುರುಮನೆಯ ನಾಯಿಗೂ ಕಚ್ಚುತ್ತಾಳೆ! ನಗಬೇಡಿ, ಮಾತು ಹಾಗೆ ಬಂತು. ನನಗೆ ಮಾತ್ರ ಇಲ್ಲ. ಹೊಟ್ಟೆ ಉರಿಯುತ್ತದೆ ಸ್ವಾಮಿ, ಸುಳ್ಳು ಯಾಕೆ ಹೇಳಲಿ?

ಒಂದು ದಿನ ಕೇಳಿಯೇಬಿಟ್ಟೆ: "ನಾನೇನೇ ಮಾಡಿದೆ ನಿಂಗೆ?"

"ಏನೂ ಇಲ್ವಲ್ಲ. ನಿಮ್ಮೆದುರಿಗೆ ಹಲ್ಲು ಕಚ್ಚೋದು ನೆನಪೇ ಆಗಲ್ಲ" ಎಂದು ಕಾಜಾ ಹಾಕುವುದನ್ನು ಮುಂದುವರಿಸಿದಳು.

ಕಳೆದ ಸಲ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಇನ್ನೊಂದು ದಾರಿ ಹೇಳಿದರು. ಚೆನ್ನಾಗಿರುವ ಬಲಗೆನ್ನೆಯ ನರದಿಂದ ಒಂದು ಎಳೆಯನ್ನು ಮೇಲ್ದುಟಿಯ ಒಳಗಿನಿಂದ ಎಡಕ್ಕೆ ದಾಟಿಸಬಹುದಂತೆ. ಅದು ಕೂಡಿಕೊಂಡರೆ ಸಂತೋಷವಾದ ಕೂಡಲೇ ಎರಡೂ ಕಡೆ ನಗು ತಾನಾಗಿ ಬರಬಹುದು, ಕಚ್ಚುವ ತಾಪತ್ರಯವಿಲ್ಲ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಮಾಡಿಬಿಡಿ ಡಾಕ್ಟ್ರೇ, ನಾಳೇನೇ ಮಾಡಿ!" ತಾನಾಗಿ ಬರುವ ನಗುವಾದರೆ ನನ್ನ ಪಾಲಿಗೂ ಒಂದೆರಡು ಬಿದ್ದಾವು ಎಂಬ ಆಸೆ.

ಇವಳು ನನ್ನ ಕಡೆ ತಿರುಗಲಿಲ್ಲ. "ಬೇಡಮ್ಮಾ" ಅಂದಳು ಅವರಿಗೆ. "ಇದೇ ಇರ್ಲಿ. ಯಾರ ಎದುರು ನಗಬೇಕು ಅನ್ನೋದು ನನ್ನ ಕೈಲೇ ಇರ್ಲಿ."

ಡಾಕ್ಟರಮ್ಮ ನನ್ನನ್ನು ನೋಡಿದರು. ರೋಗಿಯನ್ನು ನೋಡುವಷ್ಟು ಹೊತ್ತು ನೋಡಿದರು.

ನಿರೂಪಕರು ಕೈಸನ್ನೆ ಮಾಡುತ್ತಿದ್ದಾರೆ. ಆಯ್ತು, ಮುಗಿಸುತ್ತೇನೆ. ಈಗ ನಮ್ಮವಳು ವೇದಿಕೆಗೆ ಬಂದು ಡಾಕ್ಟರಮ್ಮನವರಿಗೆ ನೆನಪಿನ ಕಾಣಿಕೆ ಕೊಡುತ್ತಾಳೆ. ಬಾ, ನಿಧಾನ, ಮೆಟ್ಟಿಲಿದೆ. ಹಾಂ, ಕೊಡು. ನೋಡಿದಿರಾ ಸಭಿಕರೇ? ಎರಡೂ ಕಡೆ ಸಮ! ಹಿಂದಿನ ಸಾಲಿನವರಿಗೂ ಕಂಡಿರಬೇಕು. ಚಪ್ಪಾಳೆ ತಟ್ಟಿ, ಅದು ಅವರಿಗೆ ಸಲ್ಲಬೇಕಾದದ್ದು.

ಫೋಟೋದವರು ನನ್ನನ್ನೂ ಪಕ್ಕಕ್ಕೆ ಕರೆಯುತ್ತಿದ್ದಾರೆ. ಇಲ್ಲಿ ನಿಲ್ಲಲೇ? ಏನೇ, ಇಷ್ಟು ಜನರ ಮುಂದಾದರೂ ಒಂದು ಸಲ ಈ ಕಡೆ...

ತಿರುಗಿದಳು. ನನ್ನ ಮುಖ ನೋಡಿದಳು. ದವಡೆ ಅಲ್ಲಾಡಲಿಲ್ಲ. ದೂರದಿಂದ ನಿಮಗೆ ಗೊತ್ತಾಗುವುದಿಲ್ಲ, ನಾನು ಹತ್ತಿರವೇ ಇದ್ದೇನೆ.

ಇರಲಿ, ಒತ್ತಾಯ ಮಾಡಬೇಡಿ ಫೋಟೋದವರೇ. ಡಾಕ್ಟರಮ್ಮ, ನಿಮಗೆ ನಾನು ಸಾಯುವವರೆಗೂ ಋಣಿ. ಹಸಿದುಕೊಂಡು ಕೇಳಿದ ನಿಮ್ಮೆಲ್ಲರಿಂದ ದೊಡ್ಡ ಉಪಕಾರವಾಯಿತು. ನಾನು ಪಕ್ಕಕ್ಕೆ ಸರಿಯುತ್ತೇನೆ, ಅವರಿಬ್ಬರದೇ ತೆಗೆಯಿರಿ. ಚೆನ್ನಾಗಿ ಬರುತ್ತದೆ.

ನಮಸ್ಕಾರ.