ಕಟಿಂಗ್ ಮಶೀನಿನ ಮುಂದೆ

…ಬೇಡ ಭಾವ, ಆ ಸ್ಟೂಲಿನ ಕಾಲು ಕುಂಟು. ಈ ಪೇಪರ್ ಬಂಡಲ್ ಮೇಲೇ ಕೂತ್ಕೊಳ್ಳಿ. ಹಾಂ, ಟ್ರೈನಿಗಳ ವಿಷಯ ಹೇಳ್ತಿದ್ದೆ. ನೀವು ಪ್ರೆಸ್ ಶುರು ಮಾಡ್ತೀರಿ ಅಂದಾಗಲೇ ಅಕ್ಕನಿಗೆ ಹೇಳಿದ್ದೆ, ನನ್ನ ಕಟಿಂಗ್ ಮಶೀನು ಭಾವನಿಗೇ ಕೊಡ್ತೀನಿ, ಆದ್ರೆ ಅದರ ಮುಂದೆ ನಿಲ್ಲೋರನ್ನ ಅವರೇ ತಯಾರು ಮಾಡ್ಕೋಬೇಕು ಅಂತ.

ಯಾಕೆ ನಗ್ತೀರಿ? ನನ್ನ ತಲೆಕೂದಲು ಸುಮ್ನೆ ಬೆಳ್ಳಗಾಗಿಲ್ಲ. ಟ್ರೈನಿ ಅಂದ್ರೆ ಅಗ್ಗದ ಆಳು ಅಂದ್ಕೊಂಡ್ರೆ ಕೆಟ್ರಿ. ಕಸ ಗುಡಿಸೋಕೆ ಹಚ್ಚಿದ್ರೆ ಗುಡಿಸೋದನ್ನೇ ಕಲೀತಾರೆ. ಏನು ಕಲಿಸ್ತೀವಿ, ಯಾರು ಕಲಿಸ್ತಾರೆ, ಮೊದಲೇ ಬಾಯಿಬಿಟ್ಟು ಹೇಳ್ಬೇಕು. ವಿಮೆ ಮಾಡಿಸ್ಬೇಕು. ಪಕ್ಕದಲ್ಲಿ ಒಬ್ಬ ಪಳಗಿದ ಕೆಲಸಗಾರ ಇರ್ಲೇಬೇಕು. ಕಲಿಸೋದೂ ನಿನ್ನ ಕೆಲಸವೇ ಕಣಯ್ಯಾ ಅಂತ ಅವನಿಗೆ ಹೇಳಿರ್ಬೇಕು. ಇಲ್ಲಾಂದ್ರೆ ‘ನೋಡ್ಕೋ’ ಅಂದು ಫೋನ್ ಹಿಡ್ಕೊಂಡು ಆಚೆ ಹೋಗ್ತಾನೆ.

ಏನು? ಆ ಹುಡುಗಿ… ಅಕ್ಕ ಹೇಳಿದ್ಲಾ. ಅವಳ ಬಾಯಲ್ಲಿ ಒಂದು ಮಾತೂ ನಿಲ್ಲಲ್ಲ.

ಹೌದು, ಇದೇ ಮಶೀನು. ಗುಬ್ಬಿ ಅಂತ ಕರೀತಿದ್ವಿ ಅವಳನ್ನ, ಬೆಳಗಿಂದ ಸಂಜೆವರೆಗೂ ಕಿಚಿಪಿಚಿ. ಚುರುಕು ಹುಡುಗಿ, ಇಲ್ಲ ಅನ್ನಲ್ಲ. ನಮ್ಮ ಹಳಬರಿಗೇ ಸಿಗದ ನೇರ ಅಂಚು ಅವಳ ಕೈಗೆ ಸಿಗ್ತಿತ್ತು. ಆದ್ರೆ ಮೈಮೇಲೆ ಎಚ್ಚರ ಇರ್ಲಿಲ್ಲ. ಆವತ್ತೂ ಆ ಬೈಂಡಿಂಗ್ ಟೇಬಲ್ ಕಡೆ ತಿರುಗಿ ಏನೋ ಹೇಳ್ತಿದ್ಲು. ಬ್ಲೇಡು ಇಳೀತು. ಬಲಗೈ ಬೆರಳುಗಳು… ಹೋಗ್ಲಿ ಬಿಡಿ, ಊಟ ಮಾಡಿ ಬಂದಿದ್ದೀರಿ.

ಇಲ್ಲ, ಹಾಗೆ ಕೈ ಒಳಗಿದ್ದಾಗ ಇಳಿಯಲ್ಲ. ನೋಡಿ, ಈ ಕಡೆ ಒಂದು ಬಟನ್ನು, ಆ ಕಡೆ ಒಂದು. ಎರಡೂ ಕೈಯಲ್ಲಿ ಒತ್ತಿದ್ರೇನೇ ಬ್ಲೇಡು ಇಳಿಯೋದು. ಕೈ ಎರಡೂ ಹೊರಗಿರ್ಲಿ ಅಂತಲೇ ಹಾಗೆ ಮಾಡಿರೋದು.

…ಹಾಗಾದ್ರೆ ಅವಳದು ಹೇಗಾಯ್ತು ಅಂದ್ರೆ? ಮಕ್ಕಳು ಏನೇನೋ ಮಾಡ್ತಾರೆ ಭಾವ. ಒಂದು ಬಟನ್ನನ್ನ ಮೊಣಕೈಯಲ್ಲಿ ಒತ್ತಿರ್ತಾರೆ. ನಾನು ಎದುರಿಗಿರ್ಲಿಲ್ಲ. ಇದ್ದೆ, ಇಲ್ಲೇ ಇದ್ದೆ, ಆದ್ರೆ ಬೆನ್ನು ಮಾಡಿ ನಿಂತಿದ್ದೆ.

ಮಶೀನಿನ ಮಾತು ಮುಗಿದಿದೆ ಅಲ್ವಾ. ನಾಳೆ ಲಾರಿ ಬರುತ್ತೆ. ನೀವು ಯಾರನ್ನ ಇಟ್ಕೋತೀರಿ ಅದನ್ನ ಹೇಳಿ.

ಯಾರು? ನಮ್ಮ ಚಿಕ್ಕವಳಾ, ನಿಮ್ಮ ಮಗಳಾ?

ಕಾಲೇಜು ಮುಗೀತಲ್ಲ ಅವಳದು, ಬೇರೆ ಏನಾದ್ರೂ… ಅವಳಿಗೇ ಇಷ್ಟವಾ. ‘ಮಾಮನ ಮಶೀನಲ್ಲೇ ಕಲೀತೀನಿ’ ಅಂದ್ಲಾ. ಸರಿ. ಒಳ್ಳೇದೇ. ಒಂದು ಕೆಲಸ ಮಾಡಿ, ಅವಳನ್ನ ಹೊಲಿಗೆಗೆ ಹಾಕಿ. ಪುಸ್ತಕದ ಹೊಲಿಗೆ, ಅಂಟು, ರಟ್ಟು, ಅದೆಲ್ಲ ಚೆನ್ನಾಗಿ ಕಲೀಲಿ. ಇದರ ಹತ್ತಿರ ಬಿಡ್ಬೇಡಿ.

ಚಿಕ್ಕವಳು ಅಂತ. ಅಷ್ಟೇ. ಗುಬ್ಬಿಗಿಂತ ದೊಡ್ಡವಳೇ, ಗೊತ್ತು. ಮಾತೂ ಕಮ್ಮಿ ಆಡ್ತಾಳೆ, ಅದೂ ಗೊತ್ತು. ಆದ್ರೂ ಬೇಡ. ಸೋದರಮಾವ ಅನ್ನಿಸ್ಕೊಂಡೋನು ಇಷ್ಟು ಹೇಳಬಾರದಾ?

ಯಾಕೆ ಎದ್ರಿ? ಓಡಿಸಿ ನೋಡ್ತೀರಾ… ನೋಡಿ, ನೋಡಿ. ಸ್ವಿಚ್ಚು ಗೋಡೆ ಮೇಲಿದೆ. ಪೇಪರ್ ಇಡಿ. ಹಾಂ, ಎರಡೂ ಕೈ. ಕಂಡ್ರಾ, ಬೆಣ್ಣೆ ಕೊಯ್ದ ಹಾಗೆ. ಈ ವಯಸ್ಸಲ್ಲೂ…

ಭಾವ, ಕೈ ತೆಗೀರಿ.

ಕೈ ತೆಗೀರಿ ಅಂದೆ. ಪೇಪರ್ ಹಾಳಾಗಿ ಹೋಗ್ಲಿ, ಕೈ ಈಚೆ ತೆಗೀರಿ ಮೊದ್ಲು.

…ಅಬ್ಬ.

ಹೌದು, ಬಟನ್ ಬಿಟ್ಟಿದ್ರಿ. ಎರಡೂ ಬಿಟ್ಟಿದ್ರಿ, ನಾನೂ ನೋಡ್ದೆ. ಬ್ಲೇಡು ಮೇಲೇ ನಿಂತಿತ್ತು. ಸುಮ್ನೆ, ಒಂದು ಭಯ ಅಷ್ಟೇ. ಕೂತ್ಕೊಳ್ಳಿ. ನೀರು ತರಿಸ್ಲಾ?

ಭಾವ, ಏನಾದ್ರೂ ಕೇಳಿ. ಹಾಗೆ ನೋಡ್ತಾ ನಿಲ್ಬೇಡಿ.

ಯಾವಾಗ್ಲೂ ಅಲ್ಲ. ಎಷ್ಟೋ ದಿನ ಏನೂ ಆಗಲ್ಲ. ಯಾವತ್ತೋ ಒಂದು ಸಲ, ಬಟನ್ ಬಿಟ್ಟ ಮೇಲೆ, ತಾನಾಗಿ ಇನ್ನೊಂದು ಸಲ ಇಳಿಯುತ್ತೆ. ಇದನ್ನ ಓಡಿಸ್ತಿದ್ದ ಹಳೇ ಮೇಸ್ತ್ರಿ ಹೇಳಿದ್ದ, ರಿಪೇರಿ ಆಗೋವರೆಗೂ ನಿಲ್ಲಿಸಿ ಅಂತ. ನಿಲ್ಲಿಸ್ಲಿಲ್ಲ. ಪಠ್ಯಪುಸ್ತಕದ ಕೆಲಸ ಮೈಮೇಲಿತ್ತು. ಅವನು ‘ನಾನು ಈ ಮಶೀನ್ ಮುಟ್ಟಲ್ಲ’ ಅಂದ. ಹಳಬರು ಯಾರೂ ಮುಟ್ಲಿಲ್ಲ. ಅದಕ್ಕೇ… ಟ್ರೈನಿ ಆದ್ರೆ ಇಲ್ಲ ಅನ್ನಲ್ಲ ನೋಡಿ. ಅವಳಿಗೆ ಏನೂ ಹೇಳದೇ ಇದರ ಮುಂದೆ ನಿಲ್ಲಿಸ್ದೆ. ಸಂಭ್ರಮದಲ್ಲಿ ಬಂದು ನಿಂತ್ಲು, ನನಗೆ ಕಟಿಂಗ್ ಕೊಟ್ರು ಅಂತ.

ಮಾತಾಡ್ತಿರ್ಲಿಲ್ಲ ಭಾವ ಅವಳು. ಆವತ್ತು ಬಾಯಿ ಮುಚ್ಕೊಂಡು ಕೆಲಸ ಮಾಡ್ತಿದ್ಲು. ಮಾತಾಡ್ತಾ ಕೈ ಇಟ್ಲು ಅಂತ ಅವಳ ಅಮ್ಮನಿಗೆ ಹೇಳಿದ್ದು ನಾನು. ನೋವಲ್ಲಿ ಏನೂ ನೆನಪಿಲ್ಲದ ಆ ಹುಡುಗಿ ಅದನ್ನೇ ನಂಬಿದ್ಲು. ಆಸ್ಪತ್ರೆಗೆ ಹೋದಾಗ ಬ್ಯಾಂಡೇಜಿನ ಕೈ ಎತ್ತಿ, ‘ತಪ್ಪಾಯ್ತು ಸಾರ್, ನಿಮಗೆ ತೊಂದ್ರೆ ಕೊಟ್ಟೆ’ ಅಂದ್ಲು.

ನಾನು ಏನೂ ಹೇಳ್ಲಿಲ್ಲ. ನೀವು ಈಗ ನಿಂತಿದ್ದೀರಲ್ಲ, ಹೀಗೇ ನಿಂತಿದ್ದೆ.